ಯಂತ್ರಕ್ಕೆ ಹೇಳಿದ ಸುಳ್ಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಅವರ ಕಾಲದಲ್ಲಿ ಮೋಟಾರು ಕಾರಿನ ಎಂಜಿನ್ನಿಗೆ ಕಂಪ್ಯೂಟರು ಇರಲಿಲ್ಲ. ಇದ್ದಿದ್ದರೆ, ಹಳೆಯ ಎಂಜಿನ್ನಿಗೆ ಹೊಸ ಕಂಪ್ಯೂಟರನ್ನು ಆರಿಸಿ ನೋಡು ಎಂಬ ಮೂರನೆಯ ಮಾತನ್ನೂ ಅವರು ಸೇರಿಸದೆ ಬಿಡುತ್ತಿರಲಿಲ್ಲ. ಮನೆಗಾದರೆ ಮೇಸ್ತ್ರಿಯಿದ್ದಾನೆ, ಮದುವೆಗಾದರೆ ಪುರೋಹಿತರಿದ್ದಾರೆ. ಈ ಮೂರನೆಯ ಕಾರ್ಯದಲ್ಲಿ ಮಾತ್ರ ಸಲಹೆ ಕೊಡುವವರು ಸಾವಿರ ಮಂದಿ. ಹೊಣೆ ಹೊರುವವನು ಕಾರಿನ ಒಡೆಯನೊಬ್ಬನೇ.

ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಹೊರವಲಯದಲ್ಲಿ ಅಂತಹ ಒಡೆಯನೊಬ್ಬನಿದ್ದಾನೆ. ವೃತ್ತಿಯಿಂದ ಆತ ಲೆಕ್ಕಿಗ. ವಯಸ್ಸು ನಲವತ್ತೈದನ್ನು ದಾಟಿದೆ. ಹೆಂಡತಿ ಆಸ್ಪತ್ರೆಯೊಂದರಲ್ಲಿ ದಾದಿ. ಒಬ್ಬಳೇ ಮಗಳು ಶಾಲೆಯ ಕೊನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಕಛೇರಿಯಲ್ಲಿ ಕುಳಿತು ಪರರ ಆದಾಯ ವ್ಯಯಗಳನ್ನು ಕಾಸಿಗೆ ಕಾಸು ಹೊಂದಿಸುವ ಈ ಮನುಷ್ಯನ ಮನೆಯ ಗ್ಯಾರೇಜಿನಲ್ಲಿ, ಯಾವ ಲೆಕ್ಕಕ್ಕೂ ಸಿಕ್ಕದ ವಸ್ತುವೊಂದು ನಿಂತಿದೆ. ಅದು 1990ರಲ್ಲಿ ಜಪಾನಿನಲ್ಲಿ ತಯಾರಾಗಿ, ಅಲ್ಲಿಯ ಬೀದಿಗಳಲ್ಲಿ ಕೆಲವು ವರ್ಷ ಓಡಿ, ಆಮೇಲೆ ಹಡಗೇರಿ ಬಂದ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾರು. ಜಪಾನಿನಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಭಾರತದಂತೆಯೇ ವಾಹನಗಳು ರಸ್ತೆಯ ಎಡಗಡೆ ಓಡುವುದರಿಂದ, ಅದರ ಸ್ಟಿಯರಿಂಗನ್ನು ಬದಲಿಸುವ ಪ್ರಮೇಯವೇ ಬರಲಿಲ್ಲ. ಬಂದ ಸೊಸೆ ಮೊದಲ ದಿನವೇ ಮನೆಯ ಭಾಷೆ ಮಾತನಾಡಿದಂತಾಯಿತು.

ಈ ಮೋಹಕ್ಕೆ ಒಂದು ಪೂರ್ವಕಥೆಯಿದೆ. 1992ರಲ್ಲಿ ಬ್ಯಾಥರ್ಸ್ಟ್ ಎಂಬ ಊರಿನ ಬೆಟ್ಟದ ರಸ್ತೆಯ ಮೇಲೆ ನಡೆದ ಸಾವಿರ ಕಿಲೋಮೀಟರಿನ ಪ್ರಸಿದ್ಧ ಪಂದ್ಯವನ್ನು, ಆಗಿನ್ನೂ ಬಾಲಕನಾಗಿದ್ದ ಲೆಕ್ಕಿಗ ಟೆಲಿವಿಷನ್ನಿನಲ್ಲಿ ನೋಡಿದನು. ಜಿಮ್ ರಿಚರ್ಡ್ಸ್ ಮತ್ತು ಮಾರ್ಕ್ ಸ್ಕೈಫ್ ಹಿಂದಿನ ವರ್ಷದಂತೆ ಆ ವರ್ಷವೂ ಸ್ಕೈಲೈನಿನಲ್ಲಿಯೇ ಗೆದ್ದರು. ಧಾರಾಕಾರ ಮಳೆಯಲ್ಲಿ ಪಂದ್ಯವನ್ನು ನಿಲ್ಲಿಸುವ ಹೊತ್ತಿಗೆ ಗೆದ್ದ ಕಾರು ತಾನೇ ಅಪಘಾತಕ್ಕೆ ಸಿಕ್ಕಿ ಜಜ್ಜಿಹೋಗಿತ್ತು. ಹಿಂದಿನ ಸುತ್ತುಗಳ ಲೆಕ್ಕದಿಂದ ಫಲಿತಾಂಶ ಘೋಷಿಸಿದರು. ನೆರೆದ ಜನ ವಿಜೇತರನ್ನು ಕೂಗಿ ಹೀಯಾಳಿಸಿದರು. ಪರದೇಶದ ಕಾರೊಂದು ತಮ್ಮ ಊರಿನ ದೊಡ್ಡ ಕಾರುಗಳನ್ನು ಸೋಲಿಸಿದ್ದು ಅವರಿಗೆ ಸಹ್ಯವಾಗಿರಲಿಲ್ಲ. ಆಸ್ಟ್ರೇಲಿಯದ ಪತ್ರಿಕೆಯವರು ಈ ಕಾರಿಗೆ ಜಪಾನೀ ಚಲನಚಿತ್ರದ ದೈತ್ಯನಾದ ಗಾಡ್ಜಿಲ್ಲನ ಹೆಸರನ್ನು ಅದಾಗಲೇ ಇಟ್ಟಿದ್ದರು. ಎಲ್ಲರೂ ಬೈಯುತ್ತಿದ್ದ ಆ ದೈತ್ಯನ ಮೇಲೆ ಬಾಲಕನ ಮನಸ್ಸು ಹೋಯಿತು. ಹೋದ ಮನಸ್ಸು ಹಿಂದಿರುಗಲಿಲ್ಲ.

ಕಾರಿನ ಹುಟ್ಟಿನಲ್ಲಿಯೇ ಒಂದು ಸಣ್ಣ ಸುಳ್ಳಿತ್ತು ಎಂಬುದು ಇಲ್ಲಿ ಉಲ್ಲೇಖಾರ್ಹ. ಆ ಕಾಲದಲ್ಲಿ ಜಪಾನಿನ ಕಾರು ತಯಾರಕರು, ತಮ್ಮ ಯಾವ ಕಾರಿನ ಶಕ್ತಿಯನ್ನೂ 280 ಅಶ್ವಶಕ್ತಿಗಿಂತ ಹೆಚ್ಚೆಂದು ಸಾರುವುದಿಲ್ಲವೆಂದು ತಮ್ಮತಮ್ಮಲ್ಲಿಯೇ ಒಪ್ಪಂದ ಮಾಡಿಕೊಂಡಿದ್ದರು. 2004ರವರೆಗೆ ಈ ಮಾತು ನಡೆಯಿತು. ಸ್ಕೈಲೈನಿನ 2.6 ಲೀಟರಿನ, ಆರು ಸಿಲಿಂಡರಿನ, ಎರಡು ಟರ್ಬೋಗಳ ಎಂಜಿನ್ನು ಕಾಗದದ ಮೇಲೆ ಶಿಸ್ತಾಗಿ 280 ಎಂದೇ ಹೇಳಿಕೊಳ್ಳುತ್ತಿತ್ತು. ಅದರ ಒಳಗೆ ಇನ್ನೂ ಬಹಳ ಶಕ್ತಿ ಅಡಗಿದೆ ಎಂಬುದನ್ನು ಮಾತ್ರ ಬಲ್ಲವರೆಲ್ಲರೂ ಬಲ್ಲರು. ಅಡಗಿಸಿಟ್ಟ ಹಣವೂ ಅಡಗಿಸಿಟ್ಟ ಶಕ್ತಿಯೂ ಮನುಷ್ಯನನ್ನು ಸುಮ್ಮನಿರಗೊಡುವುದಿಲ್ಲ. ಲೆಕ್ಕಿಗನೂ ಸುಮ್ಮನಿರಲಿಲ್ಲ.

ಅವನ ಕೈಗೆ ಬರುವ ಮೊದಲೇ ಹಿಂದಿನ ಒಡೆಯರು ಅದರ ಟರ್ಬೋಗಳನ್ನು ಬದಲಿಸಿದ್ದರು. ಮೂಲ ಟರ್ಬೋಗಳ ಒಳಗಿನ ಚಕ್ರ ಪಿಂಗಾಣಿಯ ಜಾತಿಯದು. ಒತ್ತಡವನ್ನು ಹೆಚ್ಚಿಸಿದರೆ ಅದು ಒಡೆದು ಚೂರಾಗುವುದುಂಟು. ಆದ್ದರಿಂದ ಲೋಹದ ಚಕ್ರದ ಟರ್ಬೋಗಳನ್ನು ಹಾಕಿಸಿ, ಗಾಳಿಯ ಒತ್ತಡವನ್ನು ಏರಿಸಿದ್ದರು. ಲೆಕ್ಕಿಗನು ತನ್ನ ಪಾಲಿನ ಸೇವೆಯಾಗಿ, ಪೆಟ್ರೋಲು ಸಿಂಪಡಿಸುವ ಇಂಜೆಕ್ಟರುಗಳನ್ನು ತೆಗೆಸಿ ಹೆಚ್ಚು ಪೆಟ್ರೋಲು ಸುರಿಸುವ ದೊಡ್ಡ ಇಂಜೆಕ್ಟರುಗಳನ್ನು ಕೂರಿಸಿದನು. ಕಷ್ಟ ಆರಂಭವಾದದ್ದು ಅಲ್ಲಿಂದ.

ಎಂಜಿನ್ನಿನ ಕೆಲಸವೆಂದರೆ ಒಂದು ರೀತಿಯಲ್ಲಿ ಅಡುಗೆಯ ಕೆಲಸವೇ. ಗಾಳಿಯೂ ಪೆಟ್ರೋಲೂ ಹದವಾಗಿ ಬೆರೆಯಬೇಕು. ಹೊತ್ತಿಗೆ ಸರಿಯಾಗಿ ಕಿಡಿ ತಗುಲಬೇಕು. ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಟರ್ಬೋ ಭರದಿಂದ ಊದುತ್ತಿರುವಾಗ ಮಾತ್ರ, ಒಳಗಿನ ಕಾವನ್ನು ತಣಿಸುವುದಕ್ಕಾಗಿ ಸ್ವಲ್ಪ ಹೆಚ್ಚಿನ ಪೆಟ್ರೋಲನ್ನೇ ಕೊಡಬೇಕಾಗುತ್ತದೆ. ಆಗ ಗಾಳಿ ಹನ್ನೆರಡು ಪಾಲಿಗೂ ಕಡಿಮೆಯಿದ್ದರೆ ಕ್ಷೇಮ. ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುವಾಗ, ಆರು ಸಿಲಿಂಡರುಗಳೂ ಸೇರಿ ಒಂದು ಸೆಕೆಂಡಿಗೆ 300 ಬಾರಿ ಈ ಅಡುಗೆ ನಡೆಯುತ್ತದೆ. ಯಾವ ಗೃಹಿಣಿಯೂ ಸೆಕೆಂಡಿಗೆ 300 ಒಗ್ಗರಣೆ ಹಾಕಲಾರಳು. ಅದಕ್ಕಾಗಿಯೇ ಕಂಪ್ಯೂಟರು.

ಕಾರ್ಖಾನೆಯವರು ಇಟ್ಟ ಕಂಪ್ಯೂಟರಿನಲ್ಲಿ ಅಂಕಿಗಳ ಪಟ್ಟಿಗಳಿರುತ್ತವೆ. ಇಷ್ಟು ಗಾಳಿ ಬಂದಾಗ ಇಷ್ಟು ಪೆಟ್ರೋಲು, ಇಷ್ಟು ಹೊತ್ತಿಗೆ ಕಿಡಿ ಎಂದು ಜಪಾನಿನ ಎಂಜಿನಿಯರುಗಳು ತಿಂಗಳುಗಟ್ಟಲೆ ಪರೀಕ್ಷಿಸಿ ಬರೆದಿಟ್ಟ ಲೆಕ್ಕ ಅದು. ಅತ್ತೆಯಾದವಳು ಸೊಸೆಗೆ ಬರೆದುಕೊಟ್ಟ ಅಡುಗೆಯ ಪುಸ್ತಕವಿದ್ದಂತೆ. ಎಷ್ಟು ಗಾಳಿ ಬಂತೆಂಬುದನ್ನು ತಿಳಿಯಲು ಈ ಕಾರಿನಲ್ಲಿ ಎರಡು ಗಾಳಿಮಾಪಕಗಳಿವೆ. ಕಾದ ತಂತಿಯೊಂದರ ಮೇಲೆ ಗಾಳಿ ಹಾಯುತ್ತದೆ. ಬಿಸಿ ಕಾಫಿಯನ್ನು ಊದಿದಷ್ಟೂ ಅದು ಆರುವಂತೆ, ಗಾಳಿ ಹೆಚ್ಚಿದಷ್ಟೂ ತಂತಿ ಆರುತ್ತದೆ. ಅದನ್ನು ಮತ್ತೆ ಅದೇ ಕಾವಿಗೆ ತರಲು ಬೇಕಾದ ವಿದ್ಯುತ್ತಿನಿಂದ ಗಾಳಿಯ ಲೆಕ್ಕ ದೊರೆಯುತ್ತದೆ. ಈ ಪುಸ್ತಕವನ್ನು ಬರೆದದ್ದು ಚಿಕ್ಕ ಇಂಜೆಕ್ಟರುಗಳಿಗೆ, ಜಪಾನಿನಲ್ಲಿ ದೊರೆಯುವ 100 ಆಕ್ಟೇನಿನ ಉತ್ತಮ ಪೆಟ್ರೋಲಿಗೆ. ಮೆಲ್ಬರ್ನಿನ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವ ಅತ್ಯುತ್ತಮ ಪೆಟ್ರೋಲು 98ರದು. ಸೌಟು ದೊಡ್ಡದಾಯಿತು, ಅಕ್ಕಿ ಬೇರೆಯಾಯಿತು. ಪುಸ್ತಕ ಮಾತ್ರ ಹಳೆಯದೇ ಉಳಿಯಿತು.

ಇದಕ್ಕೆ ಲೆಕ್ಕಿಗನು ಕಂಡುಕೊಂಡ ಪರಿಹಾರ ಅಗ್ಗವಾದುದು. ಗಾಳಿಮಾಪಕಕ್ಕೂ ಕಂಪ್ಯೂಟರಿಗೂ ನಡುವೆ ಒಂದು ಪುಟ್ಟ ಪೆಟ್ಟಿಗೆಯನ್ನು ಜೋಡಿಸಿದನು. ಅದರ ಕೆಲಸ ದುಭಾಷಿಯ ಕೆಲಸ. ಆದರೆ ಪ್ರಾಮಾಣಿಕನಲ್ಲದ ದುಭಾಷಿ. ಹತ್ತು ಪಾಲು ಗಾಳಿ ಬಂದರೆ, ಏಳೇ ಪಾಲು ಬಂತೆಂದು ಅದು ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರು ನಂಬಿ, ಇಂಜೆಕ್ಟರುಗಳನ್ನು ಕಡಿಮೆ ಹೊತ್ತು ತೆರೆಯುತ್ತದೆ. ಇಂಜೆಕ್ಟರುಗಳು ದೊಡ್ಡವಾದ್ದರಿಂದ ಬೀಳುವ ಪೆಟ್ರೋಲು ಸರಿಹೋಗುತ್ತದೆ. ಒಂದು ತಪ್ಪನ್ನು ಇನ್ನೊಂದು ತಪ್ಪಿನಿಂದ ಹೊಂದಿಸುವ ಈ ಉಪಾಯವನ್ನು ತನ್ನ ಕಛೇರಿಯ ಲೆಕ್ಕಪುಸ್ತಕದಲ್ಲಿ ಯಾರಾದರೂ ಮಾಡಿದ್ದರೆ ಲೆಕ್ಕಿಗ ಕ್ಷಣಮಾತ್ರದಲ್ಲಿ ಹಿಡಿದುಬಿಡುತ್ತಿದ್ದನು. ಸ್ವಂತ ವಿಷಯದಲ್ಲಿ ಅವನ ಕಣ್ಣಿಗೆ ಅದು ಬುದ್ಧಿವಂತಿಕೆಯಾಗಿ ಕಂಡಿತು.

ಆ ಪೆಟ್ಟಿಗೆಯ ಬೆಲೆ ಎಷ್ಟೆಂದು ಹೆಂಡತಿ ಕೇಳಿದಳು. ಲೆಕ್ಕಿಗ ನಿಜವಾದ ಬೆಲೆಯ ಅರ್ಧವನ್ನು ಹೇಳಿದನು.

ಜನವರಿ ತಿಂಗಳು ಆ ದೇಶದಲ್ಲಿ ಕಡುಬೇಸಿಗೆ. ಅಂತಹ ಒಂದು ಮಧ್ಯಾಹ್ನ, ಆಗ ಹದಿನಾಲ್ಕು ವರ್ಷದವಳಾಗಿದ್ದ ಮಗಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಆತ ಹ್ಯೂಮ್ ಹೆದ್ದಾರಿಯಲ್ಲಿ ಉತ್ತರದ ಕಡೆಗೆ ಹೊರಟಿದ್ದನು. ದೀರ್ಘವಾದ ಏರಿನಲ್ಲಿ ಮುಂದಿದ್ದ ಲಾರಿಯೊಂದನ್ನು ದಾಟಲು ವೇಗವರ್ಧಕವನ್ನು ಕೊನೆಯವರೆಗೆ ಒತ್ತಿದನು. ತಗಡಿನ ಡಬ್ಬಿಯಲ್ಲಿ ಬೆಣಚುಕಲ್ಲು ಅಲ್ಲಾಡಿಸಿದಂತೆ ಒಂದು ಸದ್ದು ಕೇಳಿಸಿತು. ಮರುಕ್ಷಣ ಹಿಂದೆ ನೀಲಿಬಣ್ಣದ ಹೊಗೆ. ಎಂಜಿನ್ನಿನ ಶಕ್ತಿ ಸೋರಿಹೋಯಿತು. ಲಾರಿಯ ಸಮಕ್ಕೆ ಬಂದಿದ್ದ ಕಾರು ಹಿಂದೆ ಬಿದ್ದಿತು. ಅದರ ಹಿಂದಿನಿಂದ ಬರುತ್ತಿದ್ದ ಇನ್ನೊಂದು ಲಾರಿಯ ಹಾರ್ನು ಮಗಳ ಕಿವಿಗೆ ಬಹಳ ಹತ್ತಿರದಿಂದ ಕೇಳಿಸಿತು. ಹೇಗೋ ಎಡಕ್ಕೆ ಸರಿದು ರಸ್ತೆಯ ಅಂಚಿನಲ್ಲಿ ನಿಂತರು. ಯಾರಿಗೂ ಗಾಯವಾಗಲಿಲ್ಲ. ಅಂದಿನಿಂದ ಮಗಳು ಆ ಕಾರಿನಲ್ಲಿ ಕಾಲಿಡಲಿಲ್ಲ.

ಆದದ್ದು ಇಷ್ಟು. ಕಿಡಿ ಯಾವ ಹೊತ್ತಿಗೆ ತಗುಲಬೇಕೆಂಬುದನ್ನೂ ಕಂಪ್ಯೂಟರು ಆ ಗಾಳಿಯ ಲೆಕ್ಕದಿಂದಲೇ ತಿಳಿಯುತ್ತದೆ. ಗಾಳಿ ಕಡಿಮೆಯಿದ್ದಾಗ ಕಿಡಿಯನ್ನು ತುಸು ಮುಂಚೆ ಹೊತ್ತಿಸಬಹುದು. ಗಾಳಿ ದಟ್ಟವಾಗಿದ್ದಾಗ ತಡವಾಗಿ ಹೊತ್ತಿಸಬೇಕು. ಏಳೇ ಪಾಲು ಗಾಳಿ ಎಂಬ ಸುಳ್ಳನ್ನು ನಂಬಿದ ಕಂಪ್ಯೂಟರು ಕಿಡಿಯನ್ನು ಮುಂಚೆಯೇ ಹೊತ್ತಿಸಿತು. ಮೇಲೇರುತ್ತಿದ್ದ ಪಿಸ್ಟನ್ನಿಗೆ ಎದುರಾಗಿ ಒತ್ತಡ ಬೆಳೆಯಿತು. ಕಿಡಿಯ ಜ್ವಾಲೆ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಸಿಡಿಯಿತು. ಅದೇ ಆ ಬೆಣಚುಕಲ್ಲಿನ ಸದ್ದು. ಇಂತಹ ಬಡಿತವನ್ನು ಕೇಳಲು ಕಾರ್ಖಾನೆಯವರು ಎಂಜಿನ್ನಿಗೆ ಕಿವಿಗಳನ್ನು ಇಟ್ಟೇ ಇದ್ದರು. ಆದರೆ ತಾವು ಊಹಿಸಿದ್ದಷ್ಟು ತಪ್ಪನ್ನು ತಿದ್ದುವ ಅಧಿಕಾರವನ್ನು ಮಾತ್ರ ಅವಕ್ಕೆ ಕೊಟ್ಟಿದ್ದರು. ಕಾರಿನ ಒಡೆಯನೇ ಕಾರಿಗೆ ಸುಳ್ಳು ಹೇಳುವನೆಂದು ಅವರು ಊಹಿಸಿರಲಿಲ್ಲ. ಪಿಸ್ಟನ್ನೊಂದರ ಅಂಚು ಮುರಿದು, ಸಿಲಿಂಡರಿನ ಗೋಡೆಯನ್ನು ಗೀರಿತು.

ರಿಪೇರಿಯ ಬಿಲ್ಲು ಬಂದಾಗ ಪೆಟ್ಟಿಗೆಯ ನಿಜವಾದ ಬೆಲೆಯೂ ಹೊರಬಿತ್ತು. ಹೆಂಡತಿ ಕೂಗಾಡಲಿಲ್ಲ. ಬಿಲ್ಲನ್ನು ಎರಡು ಬಾರಿ ಓದಿ, ಮಡಿಸಿ ಮೇಜಿನ ಮೇಲಿಟ್ಟು ಹೇಳಿದಳು:

“ಕಾರಿಗೆ ಕೊಂಡ ಪೆಟ್ಟಿಗೆಯಂತಹದೇ ಇನ್ನೊಂದನ್ನು ನನಗೂ ಜೋಡಿಸಿದ್ದೆ ಎಂದಾಯಿತು.”

ಆ ಒಂದು ಮಾತಿನ ಮುಂದೆ ಬಿಲ್ಲಿನ ಮೊತ್ತ ಹಗುರವಾಗಿ ಕಂಡಿತು.

ಮೂರು ವರ್ಷ ಕಳೆಯಿತು. ಸ್ವಲ್ಪ ಸ್ವಲ್ಪವಾಗಿ ಹಣ ಕೂಡಿಸಿ, ಒಂದೊಂದು ಡಾಲರನ್ನೂ ಹೆಂಡತಿಗೆ ತೋರಿಸಿ, ಲೆಕ್ಕಿಗ ಎಂಜಿನ್ನನ್ನು ಹೊಸದಾಗಿ ಕಟ್ಟಿಸಿದನು. ಗಟ್ಟಿಮುಟ್ಟಾದ ಪಿಸ್ಟನ್ನುಗಳು ಬಂದವು. ಇನ್ನು ಉಳಿದದ್ದು ಮೆದುಳಿನ ಆಯ್ಕೆ. ಈ ಸಲ ತಪ್ಪಬಾರದೆಂದು ಆತ ದೊಡ್ಡದೊಂದು ನೋಟುಬುಕ್ಕು ಕೊಂಡು, ತನ್ನ ವೃತ್ತಿಗೆ ತಕ್ಕಂತೆ ಗೆರೆ ಎಳೆದು ಅಂಕಣಗಳನ್ನು ಮಾಡಿದನು. ಅಡ್ಡಕ್ಕೆ ಕಂಪ್ಯೂಟರುಗಳ ಹೆಸರು, ಉದ್ದಕ್ಕೆ ಅವುಗಳ ಗುಣ, ಕೊನೆಯಲ್ಲಿ ಬೆಲೆ.

ಮೊದಲ ಅಂಕಣದಲ್ಲಿ, ಕಾರ್ಖಾನೆಯ ಕಂಪ್ಯೂಟರನ್ನೇ ಉಳಿಸಿಕೊಂಡು ಅದರೊಳಗೆ ಒಂದು ಚಿಕ್ಕ ಹಲಗೆಯನ್ನು ಕೂರಿಸಿ ಅಂಕಿಗಳ ಪಟ್ಟಿಯನ್ನು ತಿದ್ದಿ ಬರೆಯುವ ಉಪಾಯವಿತ್ತು. ಇದು ಅಡಿಲೇಡ್ ನಗರದ ನಿಸ್‌ಟ್ಯೂನ್ ಎಂಬವರದು. ಎರಡನೆಯದು ಜಪಾನಿನ ಅಪೆಕ್ಸಿಯವರ ಪವರ್ ಎಫ್‌ಸಿ; ಹಳೆಯದನ್ನು ಕಿತ್ತು ಅದೇ ಜಾಗದಲ್ಲಿ ಚುಚ್ಚಿಬಿಡಬಹುದಾದ್ದು, ಅಂಗೈಯಲ್ಲಿ ಹಿಡಿಯುವ ಚಿಕ್ಕ ಪರದೆಯೊಂದು ಅದರ ಜೊತೆಗೆ. ಸ್ಕೈಲೈನ್ ಒಡೆಯರ ಕೂಟಗಳಲ್ಲಿ ಇದರ ಹೆಸರು ಮನೆಮಾತು. ಮೂರನೆಯದು ಜಪಾನಿನದೇ ಆದ ಎಚ್‌ಕೆಎಸ್ ಸಂಸ್ಥೆಯ ಎಫ್-ಕಾನ್ ವಿ ಪ್ರೊ; ಅದನ್ನು ತಿದ್ದುವ ವಿದ್ಯೆ ಆ ಸಂಸ್ಥೆ ಒಪ್ಪಿದ ಕುಶಲಿಗರ ಕೈಯಲ್ಲಿ ಮಾತ್ರ. ಆಮೇಲೆ ಸಿಡ್ನಿಯಲ್ಲಿ 1986ರಲ್ಲಿ ಆರಂಭವಾದ ಹಾಲ್‌ಟೆಕ್, ಮೆಲ್ಬರ್ನಿನಲ್ಲಿಯೇ 1987ರಲ್ಲಿ ಆರಂಭವಾದ ಮೋಟೆಕ್, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನ ಲಿಂಕ್. ಕಟ್ಟಕಡೆಯದು ಅಮೆರಿಕದ ಬೌಲಿಂಗ್ ಮತ್ತು ಗ್ರಿಪ್ಪೋ ಎಂಬಿಬ್ಬರು ರೂಪಿಸಿದ ಮೆಗಾಸ್ಕ್ವರ್ಟ್. ಬಿಡಿಭಾಗಗಳನ್ನು ತರಿಸಿ ಮನೆಯಲ್ಲಿಯೇ ಬೆಸುಗೆ ಹಾಕಿ ಕಟ್ಟಿಕೊಳ್ಳಬಹುದಾದದ್ದು.

ಹಿತ್ತಲ ಗಿಡ ಮದ್ದಲ್ಲ ಎಂಬುದು ಲೋಕರೂಢಿ. ಪ್ರಪಂಚದ ನಾನಾ ಮೂಲೆಗಳ ಪಂದ್ಯದ ಕಾರುಗಳಿಗೆ ಮೆದುಳನ್ನು ಒದಗಿಸುವ ಸಂಸ್ಥೆ ತನ್ನ ಊರಿನಲ್ಲಿಯೇ ಇದ್ದರೂ, ಲೆಕ್ಕಿಗನ ಮನಸ್ಸು ಮೊದಮೊದಲು ಜಪಾನಿನ ಹೆಸರುಗಳ ಕಡೆಗೇ ಹರಿಯಿತು. ಜಪಾನಿನ ಕಾರಿಗೆ ಜಪಾನಿನ ಮೆದುಳೇ ಇರಲೆಂಬ ಭಾವನೆ. ಮರುದಿನ ಇನ್ನಾರೋ ಲಿಂಕನ್ನು ಹೊಗಳಿದರು. ಅದಕ್ಕೆ ಎರಡು ಗುರುತು ಹೆಚ್ಚಾಯಿತು. ಅದರ ಮರುದಿನ ಇನ್ನೊಬ್ಬರು ಮೋಟೆಕಿನ ಮುಂದೆ ಉಳಿದವೆಲ್ಲ ಆಟದ ಸಾಮಾನೆಂದರು. ನೋಟುಬುಕ್ಕು ತುಂಬಿತು, ನಿರ್ಧಾರ ಮಾತ್ರ ಆಗಲಿಲ್ಲ.

ಒಂದು ರಾತ್ರಿ ಪಾಳಿ ಮುಗಿಸಿ ಬಂದ ಹೆಂಡತಿ, ಇನ್ನೂ ನಿದ್ರಿಸದೆ ಅಂಕಣಗಳ ಮುಂದೆ ಕುಳಿತ ಗಂಡನನ್ನು ಕಂಡಳು. ಚಹದ ಬಟ್ಟಲನ್ನು ಹಿಡಿದು ಪಕ್ಕದಲ್ಲಿ ಕುಳಿತು, ಪುಟಗಳನ್ನು ತಿರುವಿಹಾಕಿದಳು.

“ನಮ್ಮ ವಾರ್ಡಿನಲ್ಲಿಯೂ ರೋಗಿಯ ನಾಡಿ ನೋಡುವ ಯಂತ್ರಗಳಿವೆ,” ಎಂದಳು. “ಯಾವ ಯಂತ್ರ ಶ್ರೇಷ್ಠವೆಂದು ನಾವು ಎಂದೂ ಜಗಳವಾಡಿಲ್ಲ. ರಾತ್ರಿ ಮೂರು ಗಂಟೆಗೆ ಅದು ಕೂಗಿಕೊಂಡಾಗ, ಅದರ ಕೂಗಿನ ಅರ್ಥ ಬಲ್ಲವರು ಪಾಳಿಯಲ್ಲಿ ಯಾರಿದ್ದಾರೆ ಎಂದು ಮಾತ್ರ ಕೇಳುತ್ತೇವೆ. ನಿನ್ನ ಪುಸ್ತಕದಲ್ಲಿ ಆ ಅಂಕಣವೇ ಇಲ್ಲವಲ್ಲ?”

ಲೆಕ್ಕಿಗ ಪುಸ್ತಕವನ್ನು ನೋಡಿದನು. ನಿಜಕ್ಕೂ ಇರಲಿಲ್ಲ.

ಆ ವಾರದ ಕೊನೆಯಲ್ಲಿ ಆತ ನಗರದ ಪೂರ್ವಕ್ಕಿರುವ ಕೈಗಾರಿಕೆಯ ಬೀದಿಯೊಂದರಲ್ಲಿ ಗ್ಯಾರೇಜು ಇಟ್ಟಿರುವ ವೃದ್ಧರೊಬ್ಬರ ಬಳಿಗೆ ಹೋದನು. ಎಂಜಿನ್ನುಗಳ ಹದ ತಿದ್ದುವುದರಲ್ಲಿಯೇ ಅವರ ತಲೆ ನೆರೆತಿತ್ತು. ಲೆಕ್ಕಿಗ ನೋಟುಬುಕ್ಕನ್ನು ತೆರೆದಿಟ್ಟು, ಇವುಗಳಲ್ಲಿ ಯಾವುದು ಉತ್ತಮವೆಂದು ಕೇಳಿದನು. ವೃದ್ಧರು ಪುಸ್ತಕವನ್ನು ನೋಡಲಿಲ್ಲ. ಕಾರಿನ ಮುಂಭಾಗವನ್ನು ಎತ್ತಿ ನೋಡಿದರು.

“ಮೆದುಳನ್ನು ಆಮೇಲೆ ಕೊಳ್ಳಿರಿ. ಮೊದಲು ನರಗಳನ್ನು ನೋಡೋಣ,” ಎಂದರು.

ಕಾರಿನ ತಂತಿಗಳು ಮೂವತ್ತು ವರ್ಷಗಳಿಗೂ ಮಿಕ್ಕಿ ಎಂಜಿನ್ನಿನ ಕಾವಿನಲ್ಲಿ ಬೆಂದು, ಒಣಗಿದ ಕಡ್ಡಿಗಳಂತಾಗಿದ್ದವು. ಬಗ್ಗಿಸಿದರೆ ಮೇಲಿನ ಹೊದಿಕೆ ಪುಡಿಯಾಗಿ ಉದುರುತ್ತಿತ್ತು. ಎಂಜಿನ್ನು ಯಾವ ಕ್ಷಣಕ್ಕೆ ಯಾವ ಸ್ಥಾನದಲ್ಲಿದೆ ಎಂದು ತಿಳಿಸುವ ಕೋನಮಾಪಕವು ಈ ಎಂಜಿನ್ನಿನಲ್ಲಿ ಕ್ಯಾಮ್‌ದಂಡದ ತುದಿಯಲ್ಲಿದೆ. ಅದರ ಕೊಂಡಿ ಸವೆದು ತುಸು ಅಲ್ಲಾಡುತ್ತಿತ್ತು. ಗಡಿಯಾರದ ಮುಳ್ಳೇ ಸಡಿಲವಾದರೆ ಪಂಚಾಂಗ ಎಷ್ಟು ಶುದ್ಧವಾಗಿದ್ದರೇನು? ಸಾವಿರಾರು ಡಾಲರಿನ ಕಂಪ್ಯೂಟರು ಕೂಡ ಆ ಸಡಿಲ ಕೊಂಡಿ ಹೇಳಿದ ಹೊತ್ತಿಗೇ ಕಿಡಿ ಹೊತ್ತಿಸುತ್ತದೆ.

ವೃದ್ಧರು ಕೈ ಒರೆಸಿಕೊಂಡು ಎರಡು ಪ್ರಶ್ನೆ ಕೇಳಿದರು. “ಈ ಕಾರಿನಿಂದ ನಿಮಗೆ ಏನಾಗಬೇಕು? ಯಾವ ಸಂಗತಿಗೆ ನೀವು ಹೆದರುತ್ತೀರಿ?”

ಮೊದಲನೆಯದಕ್ಕೆ ಉತ್ತರಿಸಲು ಲೆಕ್ಕಿಗ ತಡವರಿಸಿದನು. ಪಂದ್ಯಕ್ಕೆ ಹೋಗುವವನಲ್ಲ, ಭಾನುವಾರದ ಬೆಳಗ್ಗೆ ಬೆಟ್ಟದ ರಸ್ತೆಯಲ್ಲಿ ಒಂದು ಸುತ್ತು, ವರ್ಷಕ್ಕೆ ಒಂದೆರಡು ದೂರದ ಪ್ರಯಾಣ, ಇಷ್ಟೇ. ಎರಡನೆಯದಕ್ಕೆ ಉತ್ತರ ತಡವಾಗಲಿಲ್ಲ. ಹ್ಯೂಮ್ ಹೆದ್ದಾರಿಯ ಮಧ್ಯಾಹ್ನವನ್ನೂ, ಹಿಂದಿನ ಲಾರಿಯ ಹಾರ್ನನ್ನೂ, ಮಗಳು ಕಾರಿನಲ್ಲಿ ಕೂರದೆ ಇರುವುದನ್ನೂ ಹೇಳಿದನು. ನಡುವೆ ಜೋಡಿಸಿದ ಪೆಟ್ಟಿಗೆಯ ವಿಷಯವನ್ನೂ ಮುಚ್ಚಿಡಲಿಲ್ಲ.

“ಹಾಗಾದರೆ ನಿಮಗೆ ಬೇಕಾದದ್ದು ವೇಗವಾಗಿ ಓಡಿಸುವ ಮೆದುಳಲ್ಲ, ಸಾಕು ಎನ್ನಲು ಬಲ್ಲ ಮೆದುಳು,” ಎಂದರು ವೃದ್ಧರು.

ಆಗ ನೋಟುಬುಕ್ಕಿನ ಅಂಕಣಗಳು ಒಂದೊಂದಾಗಿ ತಾವೇ ಅಳಿಸಿಹೋದವು. ಹಳೆಯ ಕಂಪ್ಯೂಟರನ್ನೇ ತಿದ್ದಿ ಬರೆಯುವ ನಿಸ್‌ಟ್ಯೂನಿನ ಮಾರ್ಗ ಪ್ರಾಮಾಣಿಕವಾದುದು, ಅಗ್ಗವಾದುದು. ಅದರಲ್ಲಿ ಸುಳ್ಳಿಲ್ಲ, ಇಂಜೆಕ್ಟರು ದೊಡ್ಡದೆಂದರೆ ದೊಡ್ಡದೆಂದೇ ಬರೆಯಬಹುದು. ಆದರೆ ಎಂಜಿನ್ನಿನ ಎಣ್ಣೆಯ ಒತ್ತಡ ಕುಸಿದರೆ ಆ ಹಳೆಯ ಪೆಟ್ಟಿಗೆಗೆ ತಿಳಿಯುವುದೇ ಇಲ್ಲ. ಮೊದಮೊದಲ ಜಿಟಿ-ಆರ್ ಎಂಜಿನ್ನುಗಳಲ್ಲಿ ಎಣ್ಣೆಯ ಪಂಪನ್ನು ತಿರುಗಿಸುವ ಭಾಗ ಕಿರಿದಾಗಿದ್ದು, ಪಂಪು ಕೈಕೊಡುವುದು ಬಲ್ಲವರಿಗೆಲ್ಲ ತಿಳಿದ ಸಂಗತಿ. ಪವರ್ ಎಫ್‌ಸಿಗೂ ಆ ಕಾವಲಿನ ವಿದ್ಯೆ ತಿಳಿಯದು. ಎಚ್‌ಕೆಎಸ್ ಎಷ್ಟೇ ಒಳ್ಳೆಯದಾದರೂ ಅದರ ಬೀಗದ ಕೈ ಈ ಗ್ಯಾರೇಜಿನಲ್ಲಿರಲಿಲ್ಲ. ಮೆಗಾಸ್ಕ್ವರ್ಟ್ ಕಟ್ಟಲು ಬೆಸುಗೆಯ ಕೈ ಬೇಕು. ಲೆಕ್ಕಿಗನ ಕೈ ಲೇಖನಿಗೆ ಒಗ್ಗಿದ್ದು. ಮೋಟೆಕ್ ಎಲ್ಲವನ್ನೂ ಮಾಡಬಲ್ಲದು; ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಮಾತು ಅಲ್ಲಿ ಅಡ್ಡ ಬಂದಿತು. ಉಳಿದವು ಲಿಂಕ್ ಮತ್ತು ಹಾಲ್‌ಟೆಕ್. ಎರಡೂ ಎಣ್ಣೆಯ ಒತ್ತಡವನ್ನು ಕಾಯಬಲ್ಲವು. ಹೊಗೆಯಲ್ಲಿನ ಆಮ್ಲಜನಕವನ್ನು ಅಳೆದು ಮಿಶ್ರಣ ತೆಳುವಾದರೆ ಎಂಜಿನ್ನಿನ ಭರವನ್ನು ತಗ್ಗಿಸಬಲ್ಲವು.

“ಇವೆರಡರಲ್ಲಿ?” ಎಂದನು ಲೆಕ್ಕಿಗ.

“ಎರಡೂ ಒಳ್ಳೆಯವೇ. ನನ್ನ ಕೈಗೆ ಹೆಚ್ಚು ಪಳಗಿದ್ದು ಹಾಲ್‌ಟೆಕ್. ಇನ್ನೊಬ್ಬರ ಗ್ಯಾರೇಜಿಗೆ ಹೋಗಿದ್ದರೆ ಇನ್ನೊಂದು ಉತ್ತರ ಸಿಗುತ್ತಿತ್ತು. ಅದೂ ಸರಿಯಾದ ಉತ್ತರವೇ ಆಗಿರುತ್ತಿತ್ತು.”

ಮೂರು ವಾರಗಳ ನೋಟುಬುಕ್ಕು ಹೀಗೆ ಅರ್ಧ ಗಂಟೆಯಲ್ಲಿ ಮುಗಿಯಿತು. ಹೊಸ ತಂತಿಗಳ ಜಾಲ, ಎಂಜಿನ್ನಿನ ಮುಖ್ಯ ದಂಡದಿಂದಲೇ ನೇರವಾಗಿ ಸ್ಥಾನವನ್ನು ತಿಳಿಯುವ ಹೊಸ ಕೋನಮಾಪಕ, ಎಣ್ಣೆಯ ಒತ್ತಡದ ಮಾಪಕ, ಅಗಲವಾದ ಚಾಲಕದ ಎಣ್ಣೆಯ ಪಂಪು ಇವುಗಳಿಗೆ ತಗುಲಿದ ಹಣ ಕಂಪ್ಯೂಟರಿಗೆ ತಗುಲಿದ್ದಕ್ಕಿಂತ ಹೆಚ್ಚು. ಇಷ್ಟು ಮಾರ್ಪಾಡು ಮಾಡಿದ ಕಾರು ರಸ್ತೆಯ ಮೇಲೆ ಬರಬೇಕಾದರೆ ವಿಕ್ಟೋರಿಯ ರಾಜ್ಯದಲ್ಲಿ ಅಧಿಕೃತ ಪರಿಶೀಲಕರಿಂದ ಪ್ರಮಾಣಪತ್ರ ಪಡೆಯಬೇಕೇ ಎಂದು ವಿಚಾರಿಸಿ, ಅದರ ಶುಲ್ಕವನ್ನೂ ಲೆಕ್ಕಿಗ ಮೊದಲೇ ಬರೆದುಕೊಂಡನು. ಎಲ್ಲವನ್ನೂ ಒಂದು ಹಾಳೆಯಲ್ಲಿ ಕೂಡಿಸಿ, ಕೆಳಗೆ ಎರಡು ಗೆರೆ ಎಳೆದು, ಹೆಂಡತಿಯ ಮುಂದಿಟ್ಟನು. ಆಕೆ ಮೊತ್ತವನ್ನು ನೋಡಿ ಹುಬ್ಬು ಏರಿಸಿದಳು. “ಇದು ಪೂರ್ತಿಯೇ, ಅರ್ಧವೇ?” ಎಂದು ಕೇಳಿದಳು. “ಪೂರ್ತಿ,” ಎಂದನು. ಆಕೆ ನಕ್ಕಳು. ಮೂರು ವರ್ಷಗಳಲ್ಲಿ ಆ ವಿಷಯವಾಗಿ ಆಕೆ ನಕ್ಕದ್ದು ಅದೇ ಮೊದಲು.

ಹದ ತಿದ್ದುವ ದಿನ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಕಟ್ಟಿದರು. ನಿಂತಲ್ಲಿಯೇ ಅದು ಓಡಬೇಕು. ವೃದ್ಧರು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕುಳಿತರು. ಎಂಜಿನ್ನಿನ ಮೈಗೆ ತಗುಲಿಸಿದ ಮಾಪಕದ ಮೂಲಕ ಒಳಗಿನ ಬಡಿತ ಅವರಿಗೆ ಕೇಳಿಸುತ್ತಿತ್ತು. ಜೊತೆಗೆ ಬಂದಿದ್ದ ಹೆಂಡತಿಗೆ ಅದು ವೈದ್ಯರ ಸ್ಟೆಥಾಸ್ಕೋಪಿನಂತೆಯೇ ಕಂಡಿತು. ಮೊದಲು ಮಿಶ್ರಣವನ್ನು ಸರಿಪಡಿಸಿದರು. ಆಮೇಲೆ ಕಿಡಿಯನ್ನು ಒಂದೊಂದೇ ಡಿಗ್ರಿಯಷ್ಟು ಮುಂದಕ್ಕೆ ತಂದರು. ಪ್ರತಿ ಬಾರಿಯೂ ಎಂಜಿನ್ನಿನ ಬಲ ಸ್ವಲ್ಪ ಏರಿತು. ಏರಿಕೆ ಕಿರಿದಾಗುತ್ತ ಬಂದ ಒಂದು ಘಟ್ಟದಲ್ಲಿ ಅವರು ಕೈ ನಿಲ್ಲಿಸಿ, ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದರು.

“ಇನ್ನೂ ಎರಡು ಡಿಗ್ರಿ ಕೊಡಬಹುದು. ಪರದೆಯ ಮೇಲಿನ ಅಂಕಿ ಸ್ವಲ್ಪ ದೊಡ್ಡದಾಗುತ್ತದೆ. ಕೊಡಲೇ?”

ಬ್ಯಾಥರ್ಸ್ಟಿನ ಮಳೆಯನ್ನು ಕಂಡ ಬಾಲಕ ಒಳಗಿನಿಂದ ಹೌದೆಂದನು. ಲೆಕ್ಕಿಗ ಒಮ್ಮೆ ಹೆಂಡತಿಯ ಕಡೆಗೆ ನೋಡಿದನು. ಆಕೆ ಏನನ್ನೂ ಹೇಳಲಿಲ್ಲ. ಹೇಳುವ ಹೊಣೆ ಆಕೆಯದಲ್ಲ.

“ಬೇಡಿ. ಸಾಕು,” ಎಂದನು.

ಕೊನೆಯಲ್ಲಿ ವೃದ್ಧರು ಒಂದು ಪರೀಕ್ಷೆ ಮಾಡಿ ತೋರಿಸಿದರು. ಎಂಜಿನ್ನು ಓಡುತ್ತಿರುವಾಗಲೇ ಎಣ್ಣೆಯ ಮಾಪಕದ ತಂತಿಯನ್ನು ಕಳಚಿದರು. ಕೂಡಲೇ ಎಚ್ಚರಿಕೆಯ ದೀಪ ಹತ್ತಿತು. ಎಂಜಿನ್ನು ಗರ್ಜಿಸುವುದನ್ನು ಬಿಟ್ಟು ಮೆಲ್ಲಗೆ, ಆದರೆ ಪೂರ್ತಿ ನಿಲ್ಲದೆ, ತಗ್ಗಿದ ವೇಗದಲ್ಲಿ ಓಡತೊಡಗಿತು. ರಸ್ತೆಯ ಅಂಚಿಗೆ ಹೋಗಿ ಸೇರಲು ಅಷ್ಟು ಸಾಕು. ಲೆಕ್ಕಿಗನಿಗೆ ಆ ದಿನ ಅತ್ಯಂತ ಪ್ರಿಯವಾಗಿ ಕೇಳಿಸಿದ್ದು ಎಂಜಿನ್ನಿನ ಗರ್ಜನೆಯಲ್ಲ, ಅದು ತಗ್ಗಿದ ಆ ಸದ್ದು.

ಮುಂದಿನ ಭಾನುವಾರ ಬೆಳಗ್ಗೆ ಆತ ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿ, ಎಂಜಿನ್ನು ಕಾಯಲೆಂದು ಕಾದನು. ಮಗಳು ಬಾಗಿಲಿಗೆ ಬಂದು ನಿಂತಳು. ಈಗ ಅವಳಿಗೆ ಹದಿನೇಳು. ಸ್ವಲ್ಪ ಹೊತ್ತು ಕೇಳುತ್ತ ನಿಂತು, ಮೆಟ್ಟಿಲಿಳಿದು ಬಂದಳು.

“ಈಗ ಇದು ಸುಳ್ಳು ಹೇಳುವುದಿಲ್ಲ ತಾನೆ, ಅಪ್ಪ?”

“ಇದು ಎಂದೂ ಹೇಳಿರಲಿಲ್ಲ, ಮಗು. ಹೇಳಿದವನು ನಾನು.”

ಮಗಳು ಕಾರನ್ನು ಒಂದು ಸುತ್ತು ಬಂದಳು. ಎಡಬದಿಯ ಬಾಗಿಲನ್ನು ತೆರೆದು, ಒಳಗೆ ಕುಳಿತು, ಸೀಟಿನ ಪಟ್ಟಿಯನ್ನು ಎಳೆದು ಬಿಗಿದುಕೊಂಡಳು. ಅದು ಸರಿಯಾಗಿ ಬಿಗಿದಿದೆಯೇ ಎಂದು ಎರಡು ಬಾರಿ ಜಗ್ಗಿ ನೋಡಿದಳು.

“ಸರಿ, ಹೋಗೋಣ. ನಿಧಾನವಾಗಿ,” ಎಂದಳು.